ಬೇಗ ಇಳಿದ ವಿಮಾನ, ಸಿಗದ ಹಲ್ಲು

ಬೀದಿಯವರೆಲ್ಲ ಚಿಕ್ಕಪ್ಪ ಎಂದೇ ಕರೆಯುತ್ತಿದ್ದ ಆ ಕ್ಷೌರಿಕನಿಗೆ ಕೈಗಿಂತ ಬಾಯಿ ಚುರುಕು. ಗಡ್ಡಕ್ಕೊಂದು ಚುಟುಕು ಕತೆ, ಕಟಿಂಗಿಗೆ ಅದಕ್ಕಿಂತ ದೊಡ್ಡದು, ತಲೆಗೆ ಬಣ್ಣ ಹಚ್ಚಿಸಿಕೊಂಡು ಒಣಗಲು ಕೂತವರಿಗೆ ಇಡೀ ವಂಶದ ಚರಿತ್ರೆ. ಕೊನೆಯ ಕತ್ತರಿಯೇಟೂ ಕತೆಯ ಕೊನೆಯ ಮಾತೂ ಒಟ್ಟಿಗೆ ಬೀಳಬೇಕು. ತಪ್ಪಿದರೆ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ.

ಅಂಥವನು ಅಕ್ಕನ ಹೊಸ ಮನೆ ನೋಡಲೆಂದು ಮೊದಲ ಸಲ ವಿಮಾನ ಹತ್ತುವವನಾದ.

"ಎಷ್ಟು ದೂರ ಮಗಾ?" ಎಂದು ಮಗಳನ್ನು ಕೇಳಿದ.

ಅವಳು ಮೊಬೈಲು ನೋಡಿ, "ಐನೂರು ಕಿಲೋಮೀಟರ್ ಅಪ್ಪಾ. ಒಂದು ಗಂಟೆ ಹತ್ತು ನಿಮಿಷ" ಎಂದಳು.

"ಅಂದ್ರೆ ಒಂದು ಡೈ, ಒಂದು ಕಟಿಂಗು."

ಅಷ್ಟು ಉದ್ದಕ್ಕೆ ಹೊಂದುವುದು ಸೋದರಮಾವನ ಕಟ್ಟುಹಲ್ಲಿನ ಕತೆಯೊಂದೇ.

ವಿಮಾನದಲ್ಲಿ ಪಕ್ಕಕ್ಕೆ ಬಂದು ಕೂತವರು ಕೊಡೆ ವ್ಯಾಪಾರಿ. ತಲೆ ನುಣ್ಣಗೆ ಬೋಳು. ಚಿಕ್ಕಪ್ಪನ ಮುಖ ಬಾಡಿತು. ಕಿವಿಗಳಾದರೂ ಎರಡಿವೆಯಲ್ಲ ಎಂದು ಸಮಾಧಾನ ತಂದುಕೊಂಡು ಶುರು ಹಚ್ಚಿದ.

"ನಮ್ಮ ಮಾವ ಮಗಳಿಗೆ ಗಂಡು ನೋಡೋಕೆ ಹೋಗಿದ್ರು. ಗಂಡಿನ ಮನೆ ಬಚ್ಚಲಲ್ಲಿ ಹಲ್ಲುಸೆಟ್ಟು ತೆಗೆದು ಕಿಟಕಿ ಮೇಲಿಟ್ಟು, ಮುಖ ತೊಳೆದು ಕಣ್ಣು ಬಿಟ್ರೆ, ಹಲ್ಲೇ ಇಲ್ಲ!"

ಮುಂದಿನ ಸಾಲಿನವರು ಕತ್ತು ಹೊರಳಿಸಿದರು. ಹಿಂದಿನವರು ಸೀಟಿನ ಸಂದಿಗೆ ಕಿವಿಯಿಟ್ಟರು. ಮಾವ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎಲ್ಲದಕ್ಕೂ "ಹೂಂ" ಅನ್ನುವುದು, ಅದನ್ನು ಒಪ್ಪಿಗೆಯೆಂದು ತಿಳಿದ ಗಂಡಿನ ಅಪ್ಪ ಬೇಡಿಕೆಯ ಮೇಲೆ ಬೇಡಿಕೆ ಇಡುವುದು, ಕತೆ ಹೀಗೆ ರಂಗೇರುತ್ತಿದ್ದಾಗ ಪೈಲಟ್ ಬಾಯಿ ಹಾಕಿದ: "ಗಾಳಿ ನಮ್ಮ ಬೆನ್ನಿಗಿದೆ. ಇಪ್ಪತ್ತು ನಿಮಿಷ ಮೊದಲೇ ಇಳಿಯುತ್ತೇವೆ."

ಚಿಕ್ಕಪ್ಪನ ಜೀವ ಹಾರಿಹೋಯಿತು. ಗಗನಸಖಿಯನ್ನು ಕೂಗಿದ. "ಏನಮ್ಮಾ ಇದು! ಸ್ವಲ್ಪ ಸುತ್ತು ಹಾಕ್ಸಿ. ಮಾವನ ಹಲ್ಲು ಇನ್ನೂ ಸಿಕ್ಕಿಲ್ಲ!"

ಪಾಪ, ಆಕೆ ಟಾರ್ಚು ಹಿಡಿದು ನೆಲಕ್ಕೆ ಬಗ್ಗಿದಳು. "ಯಾವ ಸೀಟಿನ ಹತ್ರ ಬಿತ್ತು ಸಾರ್? ಎಲ್ಲರೂ ಕಾಲೆತ್ತಿ."

ಎಲ್ಲರೂ ಕಾಲೆತ್ತಿದರು. ಅದು ಕತೆಯ ಹಲ್ಲು ಎಂದು ತಿಳಿಸಿಹೇಳುವಷ್ಟರಲ್ಲಿ ವಿಮಾನ ನೆಲ ಮುಟ್ಟಿ, ನಿಂತು, ಬಾಗಿಲೂ ತೆರೆಯಿತು. ಆದರೆ ಆ ಮೂರು ಸಾಲಿನವರು ಮಿಸುಕಲಿಲ್ಲ.

"ಏನ್ರೀ, ಬೇರು ಬಿಟ್ಟಿದೀರಾ?" ಎಂದು ಹಿಂದಿನಿಂದ ಯಾರೋ ಗದರಿದರು.

"ತಾಳ್ರೀ, ಹಲ್ಲು ಸಿಗ್ಲಿ!" ಎಂದು ಕೊಡೆ ವ್ಯಾಪಾರಿ ತಿರುಗಿಬಿದ್ದರು.

ಗಗನಸಖಿ ಕೈಮುಗಿದಳು. "ಇಳೀರಿ ಸಾರ್, ದಮ್ಮಯ್ಯ." ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಎಲ್ಲಿತ್ತು ಹಲ್ಲು?"

ಚಿಕ್ಕಪ್ಪ ಎದ್ದು ನಿಂತ. "ಹೊರಡೋ ಹೊತ್ತಿಗೆ ಗಂಡಿನ ಅಪ್ಪ ಬಾಗಿಲಿಗೆ ಬಂದು ಬಾಯ್ತುಂಬ ನಕ್ರು. ಮಾವ ಹತ್ತಿರ ಹೋಗಿ ನೋಡ್ತಾರೆ, ಆ ನಗು ಇವರದೇ!"

"ಅಯ್ಯೋ! ಆಮೇಲೆ?"

"ಆಮೇಲೇನು, ಸಂಬಂಧ ಕುದುರಿಸಿಬಿಟ್ರು. ಹಲ್ಲು ಮನೇಲೇ ಉಳೀತಲ್ಲ!"

ಗದರಿದವರೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದರು.

ಹೊರಗೆ ಅಕ್ಕ ಸಿಡಿಮಿಡಿಗುಟ್ಟುತ್ತಿದ್ದಳು. "ವಿಮಾನ ಬಂದು ಎಷ್ಟೊತ್ತಾಯ್ತು! ಎಲ್ಲಿ ಹಾಳಾಗಿ ಹೋಗಿದ್ದೆ?"

"ಬೇಗ ತಂದು ಇಳಿಸಿಬಿಟ್ರು ಅಕ್ಕಾ, ಅದಕ್ಕೇ ತಡ ಆಯ್ತು."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಮುಂದೆ ನಡೆದಳು.