ಸಗಣಿಯಲ್ಲಿ ಬಿದ್ದ ಬಾಲಯೇಸು

ಮರ್ಫಿ ಟೌನಿನ ಆ ಗಲ್ಲಿಯಲ್ಲಿ ಪೀರಮ್ಮ ಕರೆದ ಹಾಲು ಕುಡಿಯದ ಮನೆ ಇರಲಿಲ್ಲ. ಪೀರಮ್ಮನನ್ನು ಒಳಗೆ ಕರೆದು ಕೂರಿಸಿದ ಮನೆಯೂ ಇರಲಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಂದು ಹಸು, ಒಂದು ತಗಡಿನ ಕೊಟ್ಟಿಗೆ. ಮುಂಜಾನೆ ಎದ್ದು ಸಗಣಿ ಬಾಚೋದು, ಹಾಲು ಕರೆಯೋದು, ಕ್ಯಾನ್ ಹೊತ್ತು ಜೋಗುಪಾಳ್ಯದ ತನಕ ನಡೆಯೋದು. ಎಷ್ಟು ಸೋಪು ತಿಕ್ಕಿದರೂ ಕೈಯಿಂದ ಕೊಟ್ಟಿಗೆ ಹೋಗುತ್ತಿರಲಿಲ್ಲ.

ಡಿಸೆಂಬರ್ ಬಂತೆಂದರೆ ಗಾರೆ ಕೆಲಸದ ಕೆಂಪರಾಜ್ ಗಲ್ಲಿಯ ತಿರುವಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದ. ಅದಕ್ಕೆ ಹಾಸುವ ಹುಲ್ಲು ಪೀರಮ್ಮನದು. ಹಬ್ಬದ ಬೆಳಗ್ಗೆ ಚರ್ಚಿನಿಂದ ಬಂದವರೆಲ್ಲ ಸಾಲು ನಿಂತು ಬಾಲಯೇಸುವಿನ ಬೊಂಬೆಯ ಪಾದಕ್ಕೆ ಮುತ್ತಿಡುವುದು ಅಲ್ಲಿನ ರೂಢಿ. ಒಂದು ವರ್ಷ ಆ ಸಾಲಿನಲ್ಲಿ ತನ್ನ ಹಿಂದೆ ನಿಂತಿದ್ದ ಎದುರುಮನೆ ಯಮುನಾ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ಪೀರಮ್ಮ ನೋಡಿಬಿಟ್ಟಳು. ಅಂದಿನಿಂದ ಅವಳ ಹುಲ್ಲು ಗೋದಲಿಗೆ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ. ದೇವರ ಕೂಸಿಗೆ ಯಾಕೆ ಈ ನಾತ ಹತ್ತಿಸಬೇಕು ಅಂತ ದೂರದಿಂದಲೇ ಕೈ ಮುಗಿಯೋಳು. ಆ ಪಾದ ಒಂದು ಸಲ ಮುಟ್ಟಬೇಕೆಂಬ ಆಸೆ ಮಾತ್ರ ಒಳಗೇ ಕುಟುಕುತ್ತಿತ್ತು.

ತೊಂಬತ್ತೇಳರ ಕ್ರಿಸ್ಮಸ್‌ಗೆ ಕೆಂಪರಾಜ್ ಅವಸರಕ್ಕೆ ಬಿದ್ದು, ಹೇಳದೆ ಕೇಳದೆ ಕೊಟ್ಟಿಗೆ ಮುಂದಿದ್ದ ಹುಲ್ಲಿನ ಹೊರೆ ಎತ್ತಿಕೊಂಡು ಹೋದ. ಹಸು ಸರಿಯಾಗಿ ಮೇಯುತ್ತಿಲ್ಲವೆಂದು ಪೀರಮ್ಮ ಬೆಲ್ಲದ ನೀರು ಚಿಮುಕಿಸಿಟ್ಟಿದ್ದ ಹುಲ್ಲು ಅದು. ಗಲ್ಲಿಯವರೆಲ್ಲ ಚರ್ಚಿನ ಬೆಳಗಿನ ಪೂಜೆಗೆ ಹೋಗಿದ್ದಾಗ ಹಸು ಹಗ್ಗ ಕಿತ್ತುಕೊಂಡು ವಾಸನೆ ಹಿಡಿದು ಬಂತು.

ಜನ ವಾಪಸ್ಸು ಬಂದು ನೋಡಿದರೆ ಗೋದಲಿಯಲ್ಲಿ ಒಂದು ಎಸಳು ಹುಲ್ಲಿಲ್ಲ. ಕುರುಬರ ಬೊಂಬೆಗಳು ಮಗುಚಿದ್ದವು. ಬಾಲಯೇಸು ಬಿಸಿ ಸಗಣಿಯಲ್ಲಿ ಅಂಗಾತ ಬಿದ್ದಿದ್ದ. ಹಸು ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

"ನಿಮ್ಮ ಹಸೂದು ಹಬ್ಬದ ಊಟ ಆಯ್ತಲ್ಲ ಪೀರಮ್ಮಕ್ಕ," ಅಂದ ಕೆಂಪರಾಜ್.

"ಬಡಿಸಿದೋನು ನೀನೇ ಕಣೋ. ಬೆಲ್ಲದ ಹುಲ್ಲು ಹಾಸಿದ್ದೀಯ."

"ಮೊದ್ಲು ಯಾರಾದ್ರೂ ಎತ್ರಪ್ಪ," ಅಂದಳು ಯಮುನಾ.

ಎಲ್ಲರ ಮೈಮೇಲೂ ಹೊಸ ಬಟ್ಟೆ. ಒಬ್ಬರೂ ಬಗ್ಗಲಿಲ್ಲ. ಕೆಂಪರಾಜ್ ಕೋಲು ಹುಡುಕತೊಡಗಿದ.

"ಕೋಲಲ್ಲಿ ಎತ್ತೋಕೆ ಅದೇನು ಸತ್ತ ಇಲೀನಾ?" ಅನ್ನುತ್ತಾ ಪೀರಮ್ಮ ಮುಂದೆ ಬಂದಳು.

ದಿನಾ ಸಗಣಿ ಬಾಚುವಂತೆಯೇ ಎರಡೂ ಅಂಗೈ ಅಡಿಗೆ ತೂರಿಸಿ ಎತ್ತಿದಳು. ಬೊಂಬೆ ಬೆಚ್ಚಗಿತ್ತು. ಅದು ಸಗಣಿಯ ಬಿಸಿ ಅಂತ ಅವಳಿಗೆ ಗೊತ್ತು. ಆದರೂ ಮೈಯೆಲ್ಲ ಜುಮ್ಮೆಂದಿತು. ಕೊಟ್ಟಿಗೆ ಅಂದರೆ ಯಾವ ದೇಶದಲ್ಲಾದರೂ ಕೊಟ್ಟಿಗೆಯೇ. ಈ ಕೂಸು ಹುಟ್ಟಿ ಎಳೆದುಕೊಂಡ ಮೊದಲ ಉಸಿರಿನಲ್ಲಿ ಇದೇ ಗಂಜಲ ಇತ್ತು, ಇದೇ ಹುಲ್ಲು. ಅರಮನೆ ಸಿಗದೆ ಬಂದವನಲ್ಲ, ಬೇಕೂಂತಲೇ ಇಲ್ಲಿಗೆ ಬಂದವನು. ಯಾವ ನಾತಕ್ಕೆ ನಾಚಿ ಅವಳು ಇಷ್ಟು ವರ್ಷ ದೂರ ನಿಂತಳೋ, ಅದರ ನಡುವೆಯೇ ದೇವರು ಮಲಗಿದ್ದ. ದಿನಾ ಮುಂಜಾನೆ ಅವಳು ಬಾಚುತ್ತಿದ್ದದ್ದು ಅವನ ಹಾಸಿಗೆಯ ಸುತ್ತಲನ್ನೇ.

ಬೀದಿ ನಲ್ಲಿಯಲ್ಲಿ ಕೂಸನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಪಾದಕ್ಕೆ ಮುತ್ತಿಟ್ಟಳು.

"ಕೊಡಿ ಅಕ್ಕ, ಒಳಗಿಡ್ತೀನಿ," ಅಂದ ಕೆಂಪರಾಜ್.

"ಬೇಡ. ಹುಲ್ಲಿಲ್ಲ, ನೆಲ ತಣ್ಣಗಿದೆ. ನನ್ನ ಕೈಲೇ ಇರಲಿ."

ಸಾಲು ಅವಳ ಮುಂದೆಯೇ ನಿಂತಿತು. ಒಬ್ಬೊಬ್ಬರೂ ಆ ಕೈಗಳ ಮೇಲೆ ಬಗ್ಗಿ ಮುತ್ತಿಟ್ಟು ಹೋದರು. ಯಮುನಾ ಬಂದಳು, ಬಗ್ಗಿದಳು. ಸೆರಗು ಮೂಗಿಗೆ ಹೋಗಲಿಲ್ಲ. ಹೋಗಿದ್ದರೂ ಪೀರಮ್ಮ ಅವತ್ತು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ.