ಎಂಬತ್ತೇಳನೆಯ ಮನೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುವ ಪೈಕಿ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ ಮೇಲೆ ಒಬ್ಬರಲ್ಲ ಒಬ್ಬರು ದೆವ್ವದ ಮಾತು ತೆಗೆಯುತ್ತಿದ್ದರು. ‘ಆವತ್ತು ಕುಡಿದದ್ದು ನೀವೋ, ಅದೋ’ ಎಂದು ಕೇಳಿ ನಾನು ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಅದೂ ಅಲ್ಲದೆ ಅಂಥವೆಲ್ಲ ನಡೆಯುವುದು ಅಮಾವಾಸ್ಯೆಯ ರಾತ್ರಿ, ಹುಣಸೆ ಮರದ ಕೆಳಗೆ. ನನಗಾದದ್ದು ಭಾನುವಾರ ಬೆಳಗಿನ ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ, ಕಂಪ್ಯೂಟರಿನ ಮುಂದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಪುಸ್ತಕ ನೋಡಿಕೊಂಡು ವೆಬ್ ಪುಟ ಬರೆಯುವುದನ್ನೂ ಕಲಿತಿದ್ದೆ. ಅದರಿಂದ ಮೈಮೇಲೆ ಎಳೆದುಕೊಂಡ ಕೆಲಸವೊಂದಿತ್ತು. ನನ್ನ ಹೆಂಡತಿಯ ತವರು ಕೊಲ್ಹಾರದ ಆಚೆ, ಕೃಷ್ಣೆಯ ದಂಡೆಯ ಮೇಲಿದ್ದ ಹಳ್ಳಿ. ಅಣೆಕಟ್ಟಿನ ಹಿನ್ನೀರು ಬಂದು ಅದು ಮುಳುಗಿತು. ಹೊಸ ಜಾಗದಲ್ಲಿ ಚೀಟಿ ಎತ್ತಿ ಪ್ಲಾಟು ಹಂಚಿದ್ದರಿಂದ ಗೋಡೆಗೆ ಗೋಡೆ ಹತ್ತಿಕೊಂಡಿದ್ದವರು ದಿಕ್ಕಿಗೊಬ್ಬರಾದರು. ಹಳೆಯ ಊರಿನ ಅಷ್ಟೂ ಮನೆಗಳನ್ನು ಓಣಿಯ ಸಾಲಿನಂತೆಯೇ ಬರೆದು ಒಂದು ವೆಬ್ ಪುಟ ಮಾಡಬೇಕು, ಅದನ್ನೇ ಪ್ರಿಂಟ್ ತೆಗೆದು ಯುಗಾದಿಗೆ ಸಮುದಾಯ ಭವನದ ಗೋಡೆಗೆ ಹಚ್ಚಬೇಕು ಎಂದು ಅಲ್ಲಿನ ಹಿರಿಯರು ಮಾತಾಡಿಕೊಂಡರು. ಕಂಪ್ಯೂಟರ್ ಬಲ್ಲ ಅಳಿಯ ಇದ್ದಾನಲ್ಲ, ಇನ್ನೇನು. “ಒಂದು ಮನಿ ಹೆಸರು ತಪ್ಪಿದ್ರೂ ನಾ ತವರಿಗೆ ಮಾರಿ ತೋರ್ಸಂಗಿಲ್ಲ ನೋಡ್ರಿ,” ಎಂದು ಹೆಂಡತಿ ಮೊದಲೇ ಹೇಳಿಬಿಟ್ಟಳು.

ಹೆಸರುಗಳನ್ನು ಕೊಟ್ಟವರು ಗುರಪ್ಪ ಕಾಕಾ. ಆ ಊರಿನಲ್ಲಿ ಇಪ್ಪತ್ತೆಂಟು ವರ್ಷ ಪೋಸ್ಟ್‌ಮನ್ ಆಗಿದ್ದು, ನಿವೃತ್ತರಾಗಿ ಗೊಳಸಂಗಿಯಲ್ಲಿ ಮಗಳ ಮನೆಯಲ್ಲಿದ್ದರು. ಬ್ಯಾಗು ಹೆಗಲಿಗೇರಿಸಿಕೊಂಡು ತಿರುಗುತ್ತಿದ್ದ ದಾರಿಯನ್ನೇ ನೆನೆಯುತ್ತ ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದು ಕೊಟ್ಟರು. ಒಟ್ಟು ಇನ್ನೂರ ಹನ್ನೆರಡು ಮನೆ.

ಟೈಪು ಮಾಡುವುದು ಹೇಗೋ ಆಯಿತು. ಕಾಗುಣಿತ ನೋಡುವುದಿದೆಯಲ್ಲ, ಅದು ನನ್ನ ಪ್ರಾಣ ತಿಂದಿತು. ಆಗ ಕನ್ನಡ ಅಕ್ಷರ ಕಾಣುತ್ತಿದ್ದದ್ದು ಬ್ರೌಸರಿನಲ್ಲಿ ಮಾತ್ರ. ತಿದ್ದಲು ನೋಟ್‌ಪ್ಯಾಡಿಗೆ ಹೋದರೆ ಅಲ್ಲಿ ಬಸಪ್ಪನೂ ಇಲ್ಲ, ಮಲ್ಲಪ್ಪನೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ. ಇಲ್ಲಿ ತಪ್ಪು ಕಾಣಬೇಕು, ಅಲ್ಲಿ ಹುಡುಕಿ ತಿದ್ದಬೇಕು, ಮತ್ತೆ ಇಲ್ಲಿ ಬಂದು ನೋಡಬೇಕು. ತಾನೇ ತಪ್ಪು ಹುಡುಕುತ್ತದೆ ಎಂದು ಹೊಗಳಿಸಿಕೊಂಡ ತಂತ್ರಾಂಶಕ್ಕೆ ಪುಟವನ್ನು ಕೊಟ್ಟೆ. ಅದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೆಂಪು ಗೆರೆ ಎಳೆದು ಕೂತಿತು. ಅದರ ಲೆಕ್ಕದಲ್ಲಿ ಇಡೀ ಊರೇ ತಪ್ಪು. ಸಿಂದಗಿ, ಇಂಡಿಯಿಂದ ಬರುವ ಹುಡುಗರ ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೆ ತಾಳ್ಮೆ ಬಂದಿದೆ ಎಂದುಕೊಂಡಿದ್ದೆ. ಬಂದಿರಲಿಲ್ಲ.

ಇದರ ನಡುವೆ ಆ ಖಾಲಿ ಸಾಲು. ಪ್ರತಿ ಹೆಸರಿನ ಮುಂದೆ ಟ್ಯಾಗ್ ಎಂಬ ಒಂದು ಸಂಕೇತ ಹಾಕಿದರೆ ಬ್ರೌಸರ್ ತಾನೇ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತ ಹೋಗುತ್ತದೆ. ಒಂದು ಸಂಜೆ ನೋಡಿದರೆ ಎಂಬತ್ತಾರಕ್ಕೆ ಬಡಿಗೇರ ಮೌನೇಶಪ್ಪ, ಎಂಬತ್ತೆಂಟಕ್ಕೆ ಯಲ್ಲಪ್ಪ, ಎಂಬತ್ತೇಳರ ಮುಂದೆ ಏನೂ ಇಲ್ಲ. ಕೈತಪ್ಪಿ ಹೆಚ್ಚಿಗೆ ಟ್ಯಾಗ್ ಬಿದ್ದಿರಬೇಕೆಂದು ಅಳಿಸಿದೆ. ಲೆಕ್ಕ ಇನ್ನೂರ ಹನ್ನೆರಡಕ್ಕೆ ಬಂತು. ಮರುದಿನ ತೆರೆದರೆ ಎಂಬತ್ತೇಳು ಮತ್ತೆ ಖಾಲಿ. ಸೇವ್ ಮಾಡುವುದನ್ನು ಮರೆತಿದ್ದೇನೆ ಎಂದು ನನ್ನನ್ನೇ ಬೈದುಕೊಂಡು ಮತ್ತೆ ಅಳಿಸಿದೆ. ಆಮೇಲೆ ಬಸವನ ಬಾಗೇವಾಡಿಯಲ್ಲಿ ಗೆಳೆಯನೊಬ್ಬನ ಕಂಪ್ಯೂಟರ್ ಸೆಂಟರಿಗೆ ಫ್ಲಾಪಿ ಒಯ್ದು ತೆರೆದೆ. ಅಲ್ಲಿಯೂ ಅದೇ. ಮೂರನೆಯ ಸಲ ಗೆಳೆಯನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅಳಿಸಿದೆ, ಉಳಿಸಿದೆ, ಮುಚ್ಚಿ ಮತ್ತೆ ತೆರೆದು ನೋಡಿದೆ. ಹೋಗಿತ್ತು. ಪೀಡೆ ತೊಲಗಿತು ಎಂದು ಬಸ್ ಹತ್ತಿದೆ.

ಯುಗಾದಿಗೆ ಇನ್ನೊಂದು ವಾರವಿರುವಾಗ, ಕೊನೆಯ ಸಲ ಓದಿ ನೋಡೋಣವೆಂದು ಗುರಪ್ಪ ಕಾಕಾನನ್ನು ಕಾಲೇಜಿಗೆ ಕರೆಸಿದೆ. ಭಾನುವಾರ, ಕಂಪ್ಯೂಟರ್ ಕೋಣೆಯಲ್ಲಿ ನಾವಿಬ್ಬರೇ. ಅವರಿಗೆ ಕಣ್ಣು ಮಂಜು, ಪರದೆಯ ಗೊಡವೆಗೇ ಹೋಗಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

“ನೀವು ಓದ್ಕೋತ ಹೋಗ್ರಿ ಮಾಸ್ತರ. ನಾ ಕಣ್ಣು ಮುಚ್ಚಿ ಊರಾಗ ಅಡ್ಡಾಡ್ತೇನಿ. ತಪ್ಪಿದ್ರ ತಡೀತೇನಿ,” ಎಂದರು.

ನಾನು ಓದುತ್ತ ಹೋದೆ. ಪ್ರತಿ ಮನೆಗೂ ಅವರು “ಹ್ಞೂಂ, ಮುಂದ” ಎನ್ನುತ್ತಿದ್ದರು. ನಾಲ್ಕಾರು ಕಡೆ ಅಡ್ಡಹೆಸರು ತಿದ್ದಿಸಿದರು. ಎಂಬತ್ತಾರು ಓದಿ, “ಹ್ಞೂಂ, ಮುಂದ” ಕೇಳಿ, ಕೆಳಗೆ ನೋಡುತ್ತೇನೆ, ಎಂಬತ್ತೇಳು ಖಾಲಿ. ನನ್ನ ಮೈ ಉರಿಯಿತು. ಕಂಪ್ಯೂಟರನ್ನು ಎತ್ತಿ ಹೊರಗೆ ಒಗೆಯಬೇಕೆನ್ನಿಸಿತು. ಹಲ್ಲು ಕಡಿಯುತ್ತ ಸುಮ್ಮನೆ ಕೂತೆ. ಅಷ್ಟರಲ್ಲಿ ಕಾಕಾ ಕಣ್ಣು ಮುಚ್ಚಿಕೊಂಡೇ ಮತ್ತೊಮ್ಮೆ, “ಹ್ಞೂಂ, ಮುಂದ,” ಎಂದರು.

“ಕಾಕಾ, ನಾ ಇನ್ನೂ ಏನೂ ಓದಿಲ್ರಿ.”

“ಓದಿದ್ರಲ್ಲ. ಮೌನೇಶಪ್ಪಂದಾತು, ಸಂಗವ್ವಂದಾತು. ಮುಂದ ಯಲ್ಲಪ್ಪಂದು ಬರಬೇಕು.”

“ಯಾವ ಸಂಗವ್ವರಿ?”

“ಈಗ ನೀವ ಅಂದ್ರೆಲ್ರಿ, ಕಮತರ ಸಂಗವ್ವ ಅಂತ.”

ಓದುಗರೇ, ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕೋಣೆಯಲ್ಲಿ ಮೂರನೆಯವರು ಇರಲಿಲ್ಲ. ನೋಟ್‌ಬುಕ್ ತೆಗೆದು ಮೌನೇಶಪ್ಪನ ಸಾಲಿನ ಮೇಲೆ ಬೆರಳಿಟ್ಟು ಅವರ ಕಣ್ಣ ಹತ್ತಿರ ಹಿಡಿದೆ. ಅದರ ಕೆಳಗೆ ನೇರವಾಗಿ ಯಲ್ಲಪ್ಪ. ನಡುವೆ ಹೊಡೆದು ಹಾಕಿದ ಗುರುತೂ ಇರಲಿಲ್ಲ.

ಕಾಕಾ ನೋಟ್‌ಬುಕ್ಕನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದು ನೋಡಿದರು. ಆಮೇಲೆ ಹಣೆಗೆ ಕೈಹಚ್ಚಿಕೊಂಡರು. “ಆಕಿಗೆ ಒಂದು ಕಾಗದಾನೂ ಬಂದಿಲ್ರಿ ಮಾಸ್ತರ. ಬೇಕಾದವ್ರೆಲ್ಲ ಅದ ಓಣ್ಯಾಗ ಇದ್ರು, ಮಗಳನ್ನೂ ಅಲ್ಲೇ ಕೊಟ್ಟಿದ್ಲು. ಯಾರು ಬರೀಬೇಕು? ಇಪ್ಪತ್ತೆಂಟು ವರ್ಷ ಆಕಿ ಬಾಗಲದ ಮುಂದ ಹಾದೇನಿ, ಒಂದಿನಾನೂ ನಿಂತಿಲ್ಲ. ನನ್ನ ಕಾಲು ಎಲ್ಲೆಲ್ಲಿ ನಿಂತಿದ್ವೋ ಅಷ್ಟ ಮನಿ ಬರ್ದೇನಿ ನೋಡ್ರಿ.”

ಅವರ ತಪ್ಪು ಅರ್ಥವಾಯಿತು. ಪೋಸ್ಟ್‌ಮನ್ ಒಬ್ಬನೇ ಮಾಡಬಹುದಾದ ತಪ್ಪು ಅದು. ಅರ್ಥವಾಗದೆ ಹೋದದ್ದು ಉಳಿದದ್ದೆಲ್ಲ. ಖಾಲಿ ಸಾಲಿನಲ್ಲಿ ಹೆಸರು ಬರೆದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಅತ್ತೇಬಿಟ್ಟಳು. ಸಣ್ಣವಳಿದ್ದಾಗ ಆ ಮುದುಕಿಯ ಕೈಯಿಂದ ಎಷ್ಟು ಸಲ ರೊಟ್ಟಿ ತಿಂದಿದ್ದಳೋ. ಪಟ್ಟಿಯನ್ನು ಎರಡು ಸಲ ಓದಿಯೂ ಅವಳಿಗೂ ನೆನಪಾಗಿರಲಿಲ್ಲ.

ಯುಗಾದಿಯ ದಿನ ಗೋಡೆಗೆ ಹಚ್ಚುವ ಮೊದಲು ಪ್ರಿಂಟ್ ಹಿಡಿದುಕೊಂಡು ನಾನೂ ಕಾಕಾನೂ ಸಂಗವ್ವನ ಮನೆಗೆ ಹೋದೆವು. ತಗಡಿನ ಮನೆ, ಪುನರ್ವಸತಿ ಊರಿನ ತೀರ ಕೊನೆಗೆ. ಕಾಕಾ ತಪ್ಪೊಪ್ಪಿಕೊಂಡು ಕೈಮುಗಿದರೆ ಆಕೆ ಸಿಡುಕಿದಳು.

“ನೀ ಬರ್ಕೊಂಡ್ರ ಅಷ್ಟ ನಾ ಇದ್ದಂಗೇನು? ಬಾಜೂ ಯಾರ್ದು ಬರ್ದೀರಿ, ಅದನ್ನ ಓದ್ರಿ.”

ಓದಿದೆ. ಇನ್ನೊಮ್ಮೆ ಓದಿಸಿದಳು. ತನ್ನ ಸಾಲು ಯಾವುದೆಂದು ಕೇಳಿ ಅದರ ಮೇಲೆ ಬೆರಳಿಟ್ಟಳು. “ಮೌನೇಶನ ಮನಿ ಈಗ ಒಂದು ಮೈಲು ಆಗ್ತೈತಿ ನನಗ. ಹೋಗಾಕ ಆಗಂಗಿಲ್ಲ. ಇದರಾಗ ನೋಡು, ಒಂದ ಬಟ್ಟಿನಷ್ಟ ದೂರ ಐತಿ,” ಎಂದಳು. ಬೆರಳನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಸುಮಾರು ಹೊತ್ತು ಕೂತಿದ್ದಳು.

ಕಂಪ್ಯೂಟರ್ ಬಲ್ಲವರನ್ನೆಲ್ಲ ಕೇಳಿದ್ದೇನೆ. ಹಳೆಯ ಫೈಲು, ಕೆಟ್ಟ ಫ್ಲಾಪಿ, ನಿನ್ನ ಮರೆವು ಎನ್ನುತ್ತಾರೆ. ಇರಬಹುದು. ಇನ್ನೂರ ಹನ್ನೆರಡು ಸಾಲುಗಳಲ್ಲಿ ಅದು ಅಲ್ಲಿಯೇ ಏಕೆ ಬಂತು, ನಾನು ಬಾಯಿ ಬಿಡದೆ ಕಾಕಾನ ಕಿವಿಗೆ ಆ ಹೆಸರು ಹೇಗೆ ಬಿತ್ತು ಎಂದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಆವತ್ತು ಹೊರಡುವಾಗ ಸಂಗವ್ವ ನನ್ನ ತಲೆಯ ಮೇಲೆ ಕೈಯಿಟ್ಟು, “ನೀ ಹುಡುಕಿ ಹಾಕಿದಿ, ಪುಣ್ಯಾ ಬರ್ಲಿ ನಿನಗ,” ಎಂದಳು. ನಾನು ಆಕೆಯನ್ನು ಮೂರು ಸಲ ಅಳಿಸಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.