ಬೆನ್ನಿನ ಬರೆ

ಒಬ್ಬರ ಮೈಮೇಲಿನ ಗುರುತು ಇನ್ನೊಬ್ಬರ ಮೈಮೇಲೆ ಬಂತು ಎಂದು ಯಾರಾದರೂ ಹೇಳಿದ್ದರೆ, ಮೊದಲು ನಾನು ನಕ್ಕು ಎದ್ದು ಹೋಗುತ್ತಿದ್ದೆ. ದನ-ಕುರಿಗಳಿಗೆ ಸೂಜಿ ಚುಚ್ಚುವ ಸರಕಾರಿ ನೌಕರ ನಾನು. ಇಂಥ ಮಾತು ನನಗೆ ಆಗಿಬರುತ್ತಿರಲಿಲ್ಲ. ಈಗ ನಗುವುದಿಲ್ಲ. ನೀವು ನಂಬಲೇಬೇಕೆಂದೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಯಾದಗಿರಿಯಿಂದ ಕೆಂಭಾವಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಪಕ್ಕದ ಹಳ್ಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದೆ. ಆ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ಕುರಿ ಹಿಡಿದು ಕೊಡುತ್ತಿದ್ದ ಶರಣಮ್ಮ ಎಂಬ ಹೆಂಗಸು ಇದ್ದಕ್ಕಿದ್ದಂತೆ ನನ್ನ ಎಡಗೈ ಹಿಡಿದುಕೊಂಡಳು. ನನ್ನ ಕಿರುಬೆರಳು ಹುಟ್ಟಿನಿಂದ ಒಳಕ್ಕೆ ಬಾಗಿದೆ, ನೆಟ್ಟಗಾಗುವುದಿಲ್ಲ. ಕಿವಿಯ ಹಾಲೆಯೂ ಸೀಳಿದಂತಿದೆ. ಆಕೆ ಬೆರಳು ನೋಡಿದಳು, ಕಿವಿ ನೋಡಿದಳು, ಮುಖ ನೋಡಿದಳು, ಚೀರಿದಳು.

"ಭೀಮ್ಯಾ ಬದುಕ್ಯಾನ! ನನ್ನ ಗಂಡನ್ನ ಸುಳ್ಳೇ ಜೇಲಿಗೆ ಹಾಕ್ಯಾರ!"

ಜನ ಸುತ್ತುವರಿದರು. ಯಾರೋ ನನ್ನ ಗಾಡಿಯ ಚಾವಿ ಕಿತ್ತುಕೊಂಡರು. ಆ ಗದ್ದಲದಲ್ಲಿ ನನಗೆ ತಿಳಿದದ್ದು ಇಷ್ಟು. ಹಿಂದೆ ಕಾಲುವೆಯಲ್ಲಿ ಒಂದು ಹೆಣ ಸಿಕ್ಕಿತ್ತು. ಮುಖ ಜಜ್ಜಿಹೋಗಿತ್ತು. ಡೊಂಕು ಕಿರುಬೆರಳು, ಸೀಳಿದ ಕಿವಿ ನೋಡಿ ಅದು ಆ ಊರಿನ ಭೀಮಣ್ಣನದೇ ಎಂದು ಗುರುತು ಹಿಡಿದಿದ್ದರು. ಹೊಲದ ಬದುವಿನ ಜಗಳದಲ್ಲಿ ಕೊಂದನೆಂದು ಶರಣಮ್ಮನ ಗಂಡನಿಗೆ ಜೀವಾವಧಿ ಶಿಕ್ಷೆಯಾಗಿತ್ತು.

ನಾನು ಗುರುತಿನ ಚೀಟಿ ತೋರಿಸಿದೆ. "ಇಂಥಾವು ಯಾರ ಬೇಕಾದ್ರೂ ಮಾಡಸ್ತಾರ" ಎಂದು ಒಬ್ಬ ಅದನ್ನು ನೆಲಕ್ಕೆಸೆದ. ಅಷ್ಟರಲ್ಲಿ ಭೀಮಣ್ಣನ ಅಣ್ಣ ಕೊಡಲಿ ಹಿಡಿದು ಬಂದ. ತಮ್ಮ ಸಿಕ್ಕನೆಂಬ ಸಂತೋಷ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ; ತಮ್ಮನ ಪಾಲಿನ ಹೊಲವನ್ನೂ ಅವನೇ ಉಳುತ್ತಿದ್ದನೆಂದು ಆಮೇಲೆ ತಿಳಿಯಿತು.

"ನನ್ನ ತಮ್ಮ ಸತ್ತಾನ. ನಾವ ಮಣ್ಣ ಕೊಟ್ಟೀವಿ. ನೀ ಭೀಮ್ಯಾ ಅಂತ ಬಾಯಿ ತಗದ್ರ ಇಲ್ಲೇ ಹುಗೀತೀನಿ" ಎಂದ.

ಒಂದು ಕಡೆಯವರಿಗೆ ನಾನು ಬದುಕಿರಬೇಕಾಗಿತ್ತು, ಇನ್ನೊಂದು ಕಡೆಯವರಿಗೆ ಸತ್ತಿರಬೇಕಾಗಿತ್ತು. ನಾನು ಯಾರೆಂದು ಯಾರಿಗೂ ಬೇಕಿರಲಿಲ್ಲ. ಅಂಗಿಯ ಕಾಲರು ಹಿಡಿದು ನನ್ನನ್ನು ಭೀಮಣ್ಣನ ತಾಯಿ ಹಣಮವ್ವನ ಮನೆಗೆ ಎಳೆದೊಯ್ದರು.

ಆ ಮುದುಕಿ ನನ್ನ ಮುಖವನ್ನೇ ನೋಡಲಿಲ್ಲ. ಬೆರಳು ಮುಟ್ಟಿದಳು, ಬಿಟ್ಟಳು. ನನ್ನನ್ನು ಹಿಂದಕ್ಕೆ ತಿರುಗಿಸಿ ಅಂಗಿ ಎತ್ತಿದಳು. ಪಕ್ಕೆಲುಬಿನ ಕೆಳಗೆ ಅವಳ ಕೈ ನಿಂತುಬಿಟ್ಟಿತು. ಬಿಸಿಲಲ್ಲಿ ಬಂದ ನನಗೆ ಅದು ಮಂಜಿನಷ್ಟು ತಣ್ಣಗೆನಿಸಿತು.

"ಇಂವ ನನ್ನ ಮಗ ಅಲ್ಲ. ಬಿಡ್ರಿ" ಎಂದಳು.

"ಮತ್ಯಾಕ ಬೆನ್ನಿನ ಮ್ಯಾಲ ಕೈ ಇಟ್ಟು ನಿಂತಿ ಬೇ?" ಎಂದು ಶರಣಮ್ಮ ಕಿರುಚಿದಳು. ಮುದುಕಿ ನನ್ನ ಅಂಗಿ ಕೆಳಗೆಳೆದು ಬೆನ್ನು ಮುಚ್ಚಿದಳು.

ಹೆತ್ತವಳೇ ಅಲ್ಲವೆಂದ ಮೇಲೆ ಜನ ಚಾವಿ ಮರಳಿ ಕೊಟ್ಟರು. ಗಾಡಿ ಚಾಲು ಮಾಡುವಾಗ ಹಣಮವ್ವ ಹತ್ತಿರ ಬಂದಳು. "ಬೆನ್ನಿಗಿ ಬರಿ ಯಾರ ಹಾಕ್ಯಾರ?" ಎಂದು ಮೆಲ್ಲಗೆ ಕೇಳಿದಳು. ನನಗೆ ಯಾರೂ ಬರೆ ಹಾಕಿಲ್ಲ ಎಂದೆ. "ಭೀಮ್ಯಾ ಕೂಸಿದ್ದಾಗ ಬಳಿಚೂರು ಕಾಸಿ ನಾನ ಹಾಕೀನಿ. ಪೊಲೀಸರಿಗೂ ಹೇಳಿಲ್ಲ. ಹೋಗು, ಈ ಊರಿಗಿ ಮತ್ತ ಬರಬ್ಯಾಡ" ಎಂದಳು. ಆ ಮಾತಿನಲ್ಲಿ ಕರುಣೆ ಇರಲಿಲ್ಲ. ಬೀದಿನಾಯಿಯನ್ನು ಓಡಿಸುವಂತೆ ಕೈ ಬೀಸಿದಳು.

ಮನೆಗೆ ಹೋದವನೇ ಹೆಂಡತಿಗೆ ಬೆನ್ನು ತೋರಿಸಿದೆ. ಅವಳು ಬೆರಳಿನಿಂದ ಉಜ್ಜಿ ನೋಡಿದಳು. ಬಳೆಯ ಚೂರಿನಂತೆ ಬಾಗಿದ ಬಿಳಿ ಗೆರೆಗಳು ಅಲ್ಲಿದ್ದವು. ವಾರವಾರ ಆ ಬೆನ್ನಿಗೆ ಎಣ್ಣೆ ಹಚ್ಚಿದವಳು ಅವಳೇ. "ಇವು ಯಾವಾಗ ಆದವು?" ಎಂದು ನನ್ನನ್ನೇ ಕೇಳಿದಳು. ನಮ್ಮ ಊರು ರಾಮಸಮುದ್ರದಲ್ಲಿ ಇದ್ದ ನನ್ನ ತಾಯಿಯನ್ನು ವಿಚಾರಿಸಿದೆ. ತಾನು ಬರೆ ಹಾಕಿಲ್ಲ, ನನ್ನ ಮೈಮೇಲೆ ಅಂಥ ಗುರುತು ಎಂದೂ ಇರಲಿಲ್ಲ ಎಂದು ಆಣೆ ಮಾಡಿದಳು. ಚರ್ಮದ ಡಾಕ್ಟರು ಮಾತ್ರ, ಇದು ಎಳೆತನದ ಸುಟ್ಟ ಕಲೆ ಎಂದರು.

ಮುಂದೆ ಶರಣಮ್ಮ ಒಬ್ಬ ವಕೀಲರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬರೆಯ ವಿಷಯವನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಹೆತ್ತವರಿದ್ದಾರೆ, ಓದಿದ ಶಾಲೆ ಇದೆ, ಇವರು ಭೀಮಣ್ಣ ಆಗಲಾರರು ಎಂದು ವಕೀಲರು ಎದ್ದು ಹೊರಗೆ ಹೋದರು. ಶರಣಮ್ಮ ಹೊಸ್ತಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿದಳು.

"ಖರೇ ಹೇಳ್ರಿ. ನೀವ್ಯಾರು ಅಂತ ನಿಮಗರ ಗೊತ್ತೈತೇನು?"

ಗೊತ್ತಿದೆ ಎಂದೆ. ಅವಳು ನಂಬಲಿಲ್ಲ. ಹಾಗೆ ಹೇಳುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.